ಬೆಳೆಯದ ವೈರಸ್‌ಸದೃಶ ಕಣಗಳು: ಪ್ರಯೋಗಾಲಯದಲ್ಲಿ ಜೀವಂತ ವೈರಸ್‌ಗೆ ಬದಲಿ – ಪದೇ ಪದೇ ಕೇಳುವ ಪ್ರಶ್ನೆಗಳು

ಸೂಕ್ಷ್ಮಜೀವಿ ವಿಜ್ಞಾನ ಮತ್ತು ಜೈವಿಕ ತಂತ್ರಜ್ಞಾನ ಓದುವ ವಿದ್ಯಾರ್ಥಿಗಳು, ಅವರ ಅಧ್ಯಾಪಕರು ಹಾಗೂ ರೋಗಪತ್ತೆ ಪ್ರಯೋಗಾಲಯಗಳ ತಂತ್ರಜ್ಞರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟುಗೂಡಿಸಲಾಗಿದೆ. ಜೀವಂತ ವೈರಸ್ ಇಲ್ಲದೆ ಒಂದು ಕೆಲಸ ಆಗುತ್ತದೆಯೇ ಇಲ್ಲವೇ ಎಂಬುದಕ್ಕೆ ಎಲ್ಲರಿಗೂ ಹೊಂದುವ ಒಂದೇ ಉತ್ತರವಿಲ್ಲ. ನೀವು ತಿಳಿಯಬೇಕಾದದ್ದು ವೈರಸ್‌ನ ಕವಚದ ಬಗ್ಗೆಯೋ ಅದರ ಬೆಳವಣಿಗೆಯ ಬಗ್ಗೆಯೋ ಎಂಬುದನ್ನು ಮೊದಲು ನಿರ್ಧರಿಸಿಕೊಂಡರೆ ಉಳಿದ ಆಯ್ಕೆಗಳು ಸುಲಭವಾಗುತ್ತವೆ.

ವೈರಸ್‌ಸದೃಶ ಕಣ ಎಂದರೆ ಏನು?

ವೈರಸ್ ಎಂಬುದು ಸ್ಥೂಲವಾಗಿ ಎರಡು ಭಾಗಗಳ ಜೋಡಣೆ: ಒಳಗೆ ಡಿಎನ್‌ಎ ಅಥವಾ ಆರ್‌ಎನ್‌ಎ ರೂಪದ ಜೀನೋಮ್, ಹೊರಗೆ ಅದನ್ನು ಕಾಯುವ ಪ್ರೋಟೀನ್ ಕವಚ. ಕೆಲವು ವೈರಸ್‌ಗಳಲ್ಲಿ ಕವಚದ ಮೇಲೆ ಕೊಬ್ಬಿನ ಪೊರೆಯೂ ಇರುತ್ತದೆ. ಕವಚದ ಪ್ರೋಟೀನ್‌ಗಳನ್ನು ಮಾತ್ರ ಬ್ಯಾಕ್ಟೀರಿಯಾ, ಯೀಸ್ಟ್, ಕೀಟ ಅಥವಾ ಸಸ್ತನಿಗಳ ಜೀವಕೋಶದಲ್ಲಿ ತಯಾರಿಸಿದಾಗ ಎಷ್ಟೋ ಸಲ ಅವು ಯಾರ ಸಹಾಯವೂ ಇಲ್ಲದೆ ತಾವೇ ಒಂದಕ್ಕೊಂದು ಹೊಂದಿಕೊಂಡು ವೈರಸ್‌ನ ಆಕಾರವನ್ನೇ ತಳೆಯುತ್ತವೆ. ಒಳಗೆ ವೈರಸ್‌ನ ಜೀನೋಮ್ ಇಲ್ಲದ ಇಂಥ ಕಣವನ್ನು ವೈರಸ್‌ಸದೃಶ ಕಣ ಅಥವಾ ಚಿಕ್ಕದಾಗಿ ವಿಎಲ್‌ಪಿ ಎನ್ನುತ್ತಾರೆ. ಅದನ್ನು ಜೊಳ್ಳು ಭತ್ತಕ್ಕೆ ಹೋಲಿಸಬಹುದು: ನೋಡಲು ಭತ್ತವೇ, ಆದರೆ ಬಿತ್ತಿದರೆ ಮೊಳೆಯದು. ಬಹುಪಾಲು ಪ್ರತಿಕಾಯಗಳು ಅದನ್ನು ನಿಜವಾದ ವೈರಸ್ ಎಂದೇ ಗುರುತಿಸುತ್ತವೆ. ಜೀವಕೋಶದ ಗ್ರಾಹಕಗಳಿಗೆ ಅದು ಅಂಟಿಕೊಳ್ಳುತ್ತದೆ. ಆದರೆ ಅದರಿಂದ ಮತ್ತೊಂದು ವೈರಸ್ ಹುಟ್ಟುವುದಿಲ್ಲ.

ಸೂಡೊವೈರಸ್, ನಿಷ್ಕ್ರಿಯಗೊಳಿಸಿದ ವೈರಸ್, ವಿಎಲ್‌ಪಿ – ಇವೆಲ್ಲ ಒಂದೆಯೇ?

ಅಲ್ಲ. ಈ ಮೂರನ್ನೂ ಒಂದೇ ಎಂದುಕೊಳ್ಳುವುದರಿಂದಲೇ ಸುರಕ್ಷತೆಯ ಲೆಕ್ಕಾಚಾರ ತಪ್ಪುತ್ತದೆ. ನಿಷ್ಕ್ರಿಯ ವೈರಸ್ ತಯಾರಿಸಲು ಮೊದಲು ಜೀವಂತ ವೈರಸ್ಸನ್ನು ದೊಡ್ಡ ಪ್ರಮಾಣದಲ್ಲಿ ಬೆಳೆಸಿ, ಆಮೇಲೆ ಫಾರ್ಮಲಿನ್, ಬೀಟಾ ಪ್ರೊಪಿಯೊಲ್ಯಾಕ್ಟೋನ್ ಅಥವಾ ಗಾಮಾ ಕಿರಣಗಳಿಂದ ಕೊಲ್ಲಬೇಕು. ಕೊನೆಯ ಬಳಕೆದಾರರಿಗೆ ಅಪಾಯವಿಲ್ಲದಿದ್ದರೂ ತಯಾರಕರಿಗೆ ಅಪಾಯ ತಪ್ಪಿದ್ದಲ್ಲ. ವಿಎಲ್‌ಪಿಯ ವಿಷಯದಲ್ಲಿ ಮೊದಲಿನಿಂದ ಕೊನೆಯವರೆಗೆ ಜೀವಂತ ರೋಗಕಾರಕ ವೈರಸ್ ಕಟ್ಟಡದೊಳಗೆ ಬರುವುದೇ ಇಲ್ಲ.

ಸೂಡೊವೈರಸ್ ಮಧ್ಯದ ವರ್ಗಕ್ಕೆ ಸೇರಿದ್ದು. ಇದರಲ್ಲಿ ಒಂದು ವೈರಸ್‌ನ ಒಳಭಾಗಕ್ಕೆ ಮತ್ತೊಂದು ವೈರಸ್‌ನ ಹೊರ ಪ್ರೋಟೀನ್ ತೊಡಿಸಿರುತ್ತಾರೆ. ಉದಾಹರಣೆಗೆ, ಎಚ್‌ಐವಿಯಿಂದ ರೂಪಿಸಿದ ಲೆಂಟಿವೈರಸ್ ಚೌಕಟ್ಟಿನ ಮೇಲೆ ಕೊರೊನಾ ವೈರಸ್‌ನ ಸ್ಪೈಕ್ ಪ್ರೋಟೀನನ್ನು, ಅಥವಾ ತನ್ನ ಹೊರ ಪ್ರೋಟೀನಿನ ಜಿ ಜೀನ್ ಕಳೆದುಕೊಂಡ ವಿಎಸ್‌ವಿ ಎಂಬ ಜಾನುವಾರು ವೈರಸ್‌ನ ಮೇಲೆ ನಿಪಾ ವೈರಸ್‌ನ ಎಫ್ ಮತ್ತು ಜಿ ಪ್ರೋಟೀನ್‌ಗಳನ್ನು ಕೂರಿಸುತ್ತಾರೆ. ಅದು ಜೀವಕೋಶದೊಳಗೆ ಒಮ್ಮೆ ಹೊಕ್ಕು ಲೂಸಿಫರೇಸ್‌ನಂಥ (ಬೆಳಕು ಹೊಮ್ಮಿಸುವ ಕಿಣ್ವದ) ಸೂಚಕ ಜೀನನ್ನು ಬಿಟ್ಟು ಅಲ್ಲಿಗೇ ನಿಲ್ಲುತ್ತದೆ. ಹೊರ ಪ್ರೋಟೀನಿನ ಜೀನ್ ಅದರ ಒಳಗಿಲ್ಲದ ಕಾರಣ ಮುಂದಿನ ಜೀವಕೋಶಕ್ಕೆ ಹರಡಲಾರದು. ಆದರೂ ಅದರೊಳಗೆ ಕೆಲಸ ಮಾಡುವ ತಳಿವಸ್ತು ಇದೆ ಎಂಬುದನ್ನು ಮರೆಯಬಾರದು. ಲೆಂಟಿವೈರಸ್ ಮಾದರಿಯಾದರೆ ಆ ತಳಿವಸ್ತು ಜೀವಕೋಶದ ವರ್ಣತಂತುವಿನಲ್ಲಿ ಶಾಶ್ವತವಾಗಿ ಸೇರಿಕೊಳ್ಳುತ್ತದೆ.

ಜೀವಂತ ವೈರಸ್‌ನಿಂದ ಇಷ್ಟು ದಿನ ಕೆಲಸ ನಡೆದಿದೆಯಲ್ಲ, ಬದಲಿ ಏಕೆ ಬೇಕು?

ಅತ್ಯುತ್ತಮ ಪ್ರಯೋಗಾಲಯದಲ್ಲೂ ಅವಘಡ ನಡೆಯುತ್ತದೆ ಎಂಬುದಕ್ಕೆ ಇಂಗ್ಲೆಂಡಿನ ಸರ್ರೆ ಪ್ರಾಂತ್ಯದಲ್ಲಿ 2007ರ ಆಗಸ್ಟ್‌ನಲ್ಲಿ ನಡೆದ ಘಟನೆ ಸಾಕ್ಷಿ. ಪಿರ್‌ಬ್ರೈಟ್‌ನಲ್ಲಿ ಕಾಲುಬಾಯಿ ಜ್ವರದ ಸಂಶೋಧನಾ ಸಂಸ್ಥೆಯೂ ಲಸಿಕೆ ತಯಾರಿಕಾ ಘಟಕವೂ ಒಂದೇ ಆವರಣದಲ್ಲಿದ್ದವು. ಹತ್ತಿರದ ಜಾನುವಾರು ಕೊಟ್ಟಿಗೆಗಳಲ್ಲಿ ರೋಗ ಕಾಣಿಸಿಕೊಂಡಾಗ ಪತ್ತೆಯಾದದ್ದು ಹೊಲಗದ್ದೆಗಳಲ್ಲಿ ಆಗ ಎಲ್ಲೂ ಓಡಾಡದ, 1967ರಲ್ಲಿ ಸಂಗ್ರಹಿಸಿ ಪ್ರಯೋಗಾಲಯದಲ್ಲಿ ಇಟ್ಟುಕೊಂಡಿದ್ದ ತಳಿ. ಆವರಣದ ಹಳೆಯ ಒಳಚರಂಡಿ ಕೊಳವೆಗಳು ಸೋರಿ ವೈರಸ್ ಮಣ್ಣಿಗೆ ಸೇರಿರಬೇಕೆಂದು ತನಿಖೆ ಹೇಳಿತು. ರೋಗ ತಡೆಯಲು ದುಡಿಯುತ್ತಿದ್ದ ಜಾಗದಿಂದಲೇ ರೋಗ ಹೊರಬಿದ್ದಿತು, ರೈತರು ದನಗಳನ್ನು ಕಳೆದುಕೊಂಡರು.

ಅದೇ ಪಿರ್‌ಬ್ರೈಟ್ ಮತ್ತು ಆಕ್ಸ್‌ಫರ್ಡ್ ವಿಜ್ಞಾನಿಗಳು ಸೇರಿ 2013ರಲ್ಲಿ ಜೀನೋಮ್ ಇಲ್ಲದ, ಆದರೆ ಗಟ್ಟಿಗೊಳಿಸಿದ ಕಾಲುಬಾಯಿ ಜ್ವರದ ಖಾಲಿ ಕವಚವನ್ನು ಪ್ರಕಟಿಸಿದರು. ಈ ವೈರಸ್‌ನ ಕವಚ ಸ್ವಲ್ಪ ಆಮ್ಲೀಯತೆಗೂ ಬಿಸಿಗೂ ಒಡೆದು ಚೂರಾಗುತ್ತದೆ, ಒಡೆದ ಚೂರುಗಳು ಒಳ್ಳೆಯ ರಕ್ಷಣೆ ಕೊಡುವುದಿಲ್ಲ. ಆದ್ದರಿಂದ ಕವಚದ ತುಂಡುಗಳು ಕೂಡುವೆಡೆಯಲ್ಲಿ ಒಂದು ಅಮೈನೋ ಆಮ್ಲವನ್ನು ಬದಲಿಸಿ ಗಂಧಕದ ಬೆಸುಗೆ ಬೀಳುವಂತೆ ಮಾಡಿದರು. ನಮ್ಮ ಬೆಂಗಳೂರಿನ ಹೆಬ್ಬಾಳದಲ್ಲಿ ಐವಿಆರ್‌ಐ (ಭಾರತೀಯ ಪಶುವೈದ್ಯಕೀಯ ಸಂಶೋಧನಾ ಸಂಸ್ಥೆ) ಕೇಂದ್ರ ದಶಕಗಳಿಂದ ಇದೇ ರೋಗದ ಲಸಿಕೆಯ ಮೇಲೆ ಕೆಲಸ ಮಾಡುತ್ತಿರುವುದರಿಂದ ಈ ದಾರಿ ನಮಗೂ ಸಂಬಂಧಪಟ್ಟದ್ದು. ಸುತ್ತಲೂ ಮನೆಗಳು ಬೆಳೆದುನಿಂತ ನಗರದಲ್ಲಿ ಜೀವಂತ ವೈರಸ್‌ನ ಪ್ರಮಾಣ ಕಡಿಮೆಯಾದಷ್ಟೂ ಒಳ್ಳೆಯದೆಂದು ನಾನು ದೃಢವಾಗಿ ನಂಬುತ್ತೇನೆ.

ಇದು ಹೊಸ ತಂತ್ರಜ್ಞಾನವೇ?

ಖಂಡಿತ ಅಲ್ಲ. ಹೆಪಟೈಟಿಸ್-ಬಿ ಸೋಂಕಿತರ ರಕ್ತದಲ್ಲಿ 22 ನ್ಯಾನೋಮೀಟರ್ ಗಾತ್ರದ ಖಾಲಿ ಕಣಗಳು ಪ್ರಕೃತಿಯಲ್ಲೇ ತುಂಬಿರುತ್ತವೆ. ಯೀಸ್ಟ್‌ನಲ್ಲಿ ಅದೇ ಕಣವನ್ನು ತಯಾರಿಸಿದ ಲಸಿಕೆಗೆ 1986ರಲ್ಲಿ ಅಮೆರಿಕದಲ್ಲಿ ಪರವಾನಗಿ ಸಿಕ್ಕಿತು. ಹೈದರಾಬಾದಿನ ಶಾಂತಾ ಬಯೋಟೆಕ್ನಿಕ್ಸ್ 1997ರಲ್ಲಿ ಭಾರತದಲ್ಲೇ ತಯಾರಿಸಿ ಬೆಲೆ ಇಳಿಸಿತು. ಗರ್ಭಕಂಠದ ಕ್ಯಾನ್ಸರ್ ತಡೆಯುವ ಎಚ್‌ಪಿವಿ ಲಸಿಕೆಯ ಮೂಲವೂ ಇದೇ: 1991ರಲ್ಲಿ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದ ಇಯಾನ್ ಫ್ರೇಜರ್ ಮತ್ತು ಜಿಯಾನ್ ಝೌ ಅವರು ಎಚ್‌ಪಿವಿಯ ಕವಚದ ಪ್ರೋಟೀನ್‌ಗಳು ತಾವೇ ಕಣವಾಗುವುದನ್ನು ತೋರಿಸಿದರು. ನಮ್ಮ ಮಕ್ಕಳು ಹಾಕಿಸಿಕೊಳ್ಳುವ ಲಸಿಕೆಗಳಲ್ಲಿ ವಿಎಲ್‌ಪಿ ಬಹುಕಾಲದಿಂದ ಇದೆ. ಸಂಶೋಧನೆಯ ಮೇಜಿನ ಮೇಲೆ ಅದನ್ನು ಬದಲಿಯಾಗಿ ಬಳಸಬಹುದೆಂಬ ತಿಳಿವಳಿಕೆ ಮಾತ್ರ ನಿಧಾನವಾಗಿ ಹರಡುತ್ತಿದೆ.

ಪ್ರಯೋಗಾಲಯದಲ್ಲಿ ಬೆಳೆಸಲಾಗದ ವೈರಸ್‌ಗಳಿಗೆ ಇದು ನೆರವಾಗುತ್ತದೆಯೇ?

ಇದರ ಬೆಲೆ ಅತ್ಯಂತ ಸ್ಪಷ್ಟವಾಗಿ ಕಾಣುವುದು ಅಲ್ಲಿಯೇ. ವಾಂತಿಭೇದಿ ತರುವ ಮಾನವ ನೋರೊವೈರಸ್ಸನ್ನು ದಶಕಗಳ ಕಾಲ ಯಾರೂ ಪ್ರಯೋಗಾಲಯದಲ್ಲಿ ಬೆಳೆಸಲಾಗಲಿಲ್ಲ. ಮಾನವ ಕರುಳಿನ ಕಾಂಡಕೋಶಗಳಿಂದ ಬೆಳೆಸಿದ ಪುಟ್ಟ ಅಂಗಾಂಶಗಳಲ್ಲಿ ಅದು ಬೆಳೆಯಿತೆಂಬ ವರದಿ ಬಂದದ್ದು 2016ರಲ್ಲಿ. ಆದರೆ 1992ರಷ್ಟು ಹಿಂದೆಯೇ ಕೀಟಕೋಶಗಳಲ್ಲಿ ಅದರ ಕವಚದ ಪ್ರೋಟೀನ್ ತಯಾರಿಸಿದಾಗ 180 ಪ್ರತಿಗಳು ಸೇರಿ ಸುಮಾರು 38 ನ್ಯಾನೋಮೀಟರ್ ಗಾತ್ರದ ಖಾಲಿ ಕಣಗಳಾದವು. ಆ ಕಣಗಳಿಂದಲೇ ಪ್ರತಿಕಾಯಗಳ ಮೂಲಕ ಸೋಂಕು ಗುರುತಿಸುವ ಎಲೈಸಾ ಪರೀಕ್ಷೆಗಳು ಬಂದವು, ವೈರಸ್ ನಮ್ಮ ರಕ್ತಗುಂಪಿಗೆ ಸಂಬಂಧಿಸಿದ ಸಕ್ಕರೆಗಳಿಗೆ ಅಂಟಿಕೊಳ್ಳುತ್ತದೆಂಬುದು ತಿಳಿಯಿತು, ಕೆಲವರಿಗೆ ಮಾತ್ರ ಸೋಂಕು ಏಕೆ ತಗಲುವುದಿಲ್ಲ ಎಂಬುದಕ್ಕೆ ವಿವರಣೆ ದೊರೆಯಿತು. ಸುಮಾರು ಕಾಲು ಶತಮಾನದ ಜ್ಞಾನವನ್ನು ಖಾಲಿ ಕಣಗಳೇ ಹೊತ್ತು ತಂದವು ಎಂದರೆ ತಪ್ಪಾಗದು.

ಕೋವಿಡ್ ಸಂಶೋಧನೆಯಲ್ಲಿ ಇದರ ಪಾತ್ರವೇನು?

ಸೋಂಕು ಆರಂಭವಾದ ಕೆಲವೇ ತಿಂಗಳಲ್ಲಿ ಪ್ರತಿಕಾಯಗಳ ಬಲವನ್ನು ಅಳೆಯಲು ಸ್ಪೈಕ್ ತೊಟ್ಟ ಸೂಡೊವೈರಸ್‌ಗಳು ಲೋಕದಾದ್ಯಂತ ಬಳಕೆಗೆ ಬಂದವು, ಏಕೆಂದರೆ ಜೀವಂತ ವೈರಸ್ ಬೆಳೆಸಲು ಬೇಕಾದ ಬಿಎಸ್‌ಎಲ್-3, ಅಂದರೆ ಮೂರನೇ ಹಂತದ ಜೈವಿಕ ಸುರಕ್ಷತೆಯ ಸೌಲಭ್ಯ ಎಲ್ಲೆಡೆ ಇರಲಿಲ್ಲ. ಲಸಿಕೆ ಪಡೆದವರ ಸೀರಮ್ಮನ್ನು ಹಂತಹಂತವಾಗಿ ತೆಳುಗೊಳಿಸಿ, 96 ಗುಳಿಗಳ ತಟ್ಟೆಯಲ್ಲಿ ಸೂಡೊವೈರಸ್ ಜೊತೆ ಬೆರೆಸಿ, ಗ್ರಾಹಕವಿರುವ ಜೀವಕೋಶಗಳ ಮೇಲೆ ಹಾಕುತ್ತಾರೆ. ಎರಡು ದಿನಗಳ ನಂತರ ಲೂಸಿಫರೇಸ್ ಕಿಣ್ವ ಉರಿಸುವ ಲೂಸಿಫೆರಿನ್ ಸೇರಿಸಿದಾಗ ಕಣ ಒಳಹೊಕ್ಕ ಗುಳಿಗಳು ಬೆಳಕು ಸೂಸುತ್ತವೆ, ಪ್ರತಿಕಾಯ ತಡೆದ ಗುಳಿಗಳು ಕತ್ತಲಾಗಿಯೇ ಉಳಿಯುತ್ತವೆ. ಆ ಬೆಳಕು ಬರಿಗಣ್ಣಿಗೆ ಕಾಣದಷ್ಟು ಮಂದ, ಆದರೆ ಯಂತ್ರ ಅದನ್ನು ಅಂಕಿಯಾಗಿ ಓದುತ್ತದೆ.

ಸ್ಪೈಕ್ ಒಂದನ್ನೇ ತೊಟ್ಟ ಕಣ ಸ್ಪೈಕ್ ಬಗ್ಗೆ ಮಾತ್ರ ಹೇಳಬಲ್ಲದು. ಈ ಕೊರತೆಯನ್ನು 2021ರಲ್ಲಿ ಕ್ಯಾಲಿಫೋರ್ನಿಯಾದ ಗ್ಲ್ಯಾಡ್‌ಸ್ಟೋನ್ ಸಂಸ್ಥೆ ಮತ್ತು ಬರ್ಕ್ಲಿ ವಿಶ್ವವಿದ್ಯಾಲಯದ ತಂಡ ನೀಗಿಸಿತು. ಜೀನ್ ತಿದ್ದುವ ತಂತ್ರಕ್ಕಾಗಿ ನೊಬೆಲ್ ಪಡೆದ ಜೆನಿಫರ್ ಡೌಡ್ನಾ ಆ ತಂಡದಲ್ಲಿದ್ದರು. ಕೊರೊನಾ ವೈರಸ್‌ನ ನಾಲ್ಕೂ ರಚನಾ ಪ್ರೋಟೀನ್‌ಗಳಿರುವ, ಒಳಗೆ ವೈರಸ್ ಜೀನೋಮ್‌ಗೆ ಬದಲಾಗಿ ಲೂಸಿಫರೇಸ್ ಆರ್‌ಎನ್‌ಎ ತುಂಬಿದ ವಿಎಲ್‌ಪಿಯನ್ನು ಅವರು ರೂಪಿಸಿದರು. ಡೆಲ್ಟಾ ತಳಿ ಅಷ್ಟು ವೇಗವಾಗಿ ಹರಡಲು ಸ್ಪೈಕ್‌ನ ಬದಲಾವಣೆಗಳಷ್ಟೇ ಅಲ್ಲ, ಆರ್‌ಎನ್‌ಎಯನ್ನು ಸುತ್ತಿಡುವ ಎನ್ ಪ್ರೋಟೀನಿನಲ್ಲಾದ ಬದಲಾವಣೆಗಳೂ ಕಾರಣವಿರಬಹುದೆಂಬ ಸುಳಿವು ಸಿಕ್ಕಿದ್ದು ಈ ಕಣಗಳಿಂದ. ಆ ಸುಳಿವನ್ನು ಖಚಿತಪಡಿಸಿಕೊಳ್ಳಲು ಕೊನೆಗೆ ನಿಜವಾದ ವೈರಸ್‌ನಲ್ಲೂ ಪರೀಕ್ಷಿಸಬೇಕಾಯಿತು ಎಂಬುದನ್ನೂ ಇಲ್ಲಿಯೇ ಹೇಳಬೇಕು. ಹತ್ತಾರು ಸಾಧ್ಯತೆಗಳನ್ನು ಕಣಗಳಿಂದ ಸೋಸಿ, ಉಳಿದ ಒಂದೆರಡನ್ನು ಮಾತ್ರ ಉನ್ನತ ಸುರಕ್ಷತೆಯ ಕೋಣೆಗೆ ಒಯ್ಯುವ ಈ ಕ್ರಮ ನನಗೆ ಅತ್ಯಂತ ವಿವೇಕದ ದಾರಿಯಾಗಿ ಕಾಣುತ್ತದೆ.

ಮಂಗನ ಕಾಯಿಲೆಯ ಸಂಶೋಧನೆಗೆ ಇದನ್ನು ಬಳಸಬಹುದೇ?

ಮಲೆನಾಡಿನ ಓದುಗರು ಕೇಳಲೇಬೇಕಾದ ಪ್ರಶ್ನೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಈ ವೈರಸ್ ಉಣುಗುಗಳಿಂದ ಹರಡುತ್ತದೆ. ಕಾಡಿಗೆ ಹೋಗುವವರಿಗಷ್ಟೇ ಅಲ್ಲ, ಅದನ್ನು ಅಧ್ಯಯನ ಮಾಡಲು ಹೊರಟ ಪ್ರಯೋಗಾಲಯ ಸಿಬ್ಬಂದಿಗೂ ಅದು ತಗುಲಿದ್ದು ಆರಂಭದ ವರ್ಷಗಳಿಂದಲೇ ದಾಖಲಾಗಿದೆ. ಆದ್ದರಿಂದ ಮೂರನೇ ಅಥವಾ ನಾಲ್ಕನೇ ಹಂತದ ಸುರಕ್ಷತೆ ಇಲ್ಲದೆ ಅದನ್ನು ಬೆಳೆಸುವುದು ಸಲ್ಲದು, ಮತ್ತು ಅಂಥ ಸೌಲಭ್ಯ ಬೆರಳೆಣಿಕೆಯ ಕಡೆ ಮಾತ್ರ ಇದೆ.

ಇದು ಡೆಂಗಿ, ಜಪಾನೀಸ್ ಎನ್ಸೆಫಲೈಟಿಸ್ ವೈರಸ್‌ಗಳ ಕುಟುಂಬಕ್ಕೆ, ಅಂದರೆ ಫ್ಲೇವಿವೈರಸ್ ಗುಂಪಿಗೆ ಸೇರಿದ್ದು. ಈ ಗುಂಪಿನಲ್ಲಿ ಪಿಆರ್‌ಎಂ ಮತ್ತು ಇ ಎಂಬ ಎರಡೇ ಹೊರಮೈ ಪ್ರೋಟೀನ್‌ಗಳನ್ನು ಸಸ್ತನಿ ಜೀವಕೋಶದಲ್ಲಿ ತಯಾರಿಸಿದರೆ ಸಾಕು, ಸುಮಾರು 30 ನ್ಯಾನೋಮೀಟರ್‌ನ ಪುಟ್ಟ ಕಣಗಳು ದ್ರಾವಣಕ್ಕೆ ಹೊರಬರುತ್ತವೆ. ಇತರ ಫ್ಲೇವಿವೈರಸ್‌ಗಳ ಎಲೈಸಾ ಪರೀಕ್ಷೆಗಳಲ್ಲಿ ಇವು ಪ್ರತಿಜನಕವಾಗಿ, ಅಂದರೆ ಪ್ರತಿಕಾಯ ಅಂಟಿಕೊಳ್ಳುವ ಗುರಿಯಾಗಿ, ಬಳಕೆಯಾಗಿವೆ. ಆ ದಾರಿಯನ್ನು ಮಂಗನ ಕಾಯಿಲೆಗೂ ಹಿಡಿದರೆ, ಜೀವಂತ ವೈರಸ್ ಮುಟ್ಟದೆ ಪ್ರತಿಕಾಯ ಪರೀಕ್ಷೆಗಳನ್ನು ರೂಪಿಸಲು ಸಾಧ್ಯ.

ಆದರೆ ಎರಡು ಎಚ್ಚರಿಕೆಗಳನ್ನು ಹೇಳದೆ ಬಿಡಲಾಗದು. ನಿಜವಾದ ವೈರಸ್ 50 ನ್ಯಾನೋಮೀಟರ್ ಗಾತ್ರದ್ದು, ಅದರ ಮೈಮೇಲೆ 180 ಇ ಪ್ರೋಟೀನ್‌ಗಳು ಜೋಡಿಜೋಡಿಯಾಗಿ ಒತ್ತೊತ್ತಾಗಿ ಮಲಗಿರುತ್ತವೆ. ಪುಟ್ಟ ಕಣದ ಮೇಲೆ ಇರುವುದು ಸಾಮಾನ್ಯವಾಗಿ 60 ಮಾತ್ರ, ಅವುಗಳ ಬಾಗು ಕೂಡ ಬೇರೆ. ಅಕ್ಕಪಕ್ಕದ ಜೋಡಿಗಳನ್ನು ಒಟ್ಟಿಗೆ ಹಿಡಿಯುವ ಪ್ರತಿಕಾಯಗಳು ಈ ಪುಟ್ಟ ಕಣವನ್ನು ಗುರುತಿಸದೆ ಹೋಗಬಹುದು. ಎರಡನೆಯದಾಗಿ, ಫ್ಲೇವಿವೈರಸ್‌ಗಳ ಪ್ರತಿಕಾಯಗಳು ಒಂದರದು ಇನ್ನೊಂದಕ್ಕೂ ಸ್ವಲ್ಪಮಟ್ಟಿಗೆ ಅಂಟಿಕೊಳ್ಳುತ್ತವೆ. ಡೆಂಗಿಯೂ ಇರುವ ಊರಿನಲ್ಲಿ ಪರೀಕ್ಷೆಯ ಫಲಿತಾಂಶವನ್ನು ಬೇರೆ ವಿಧಾನದಿಂದ ಖಚಿತಪಡಿಸಿಕೊಳ್ಳದೆ ಒಪ್ಪಬಾರದು.

ಔಷಧ ತಯಾರಿಕೆಯಲ್ಲಿ ಈ ಕಣಗಳ ಕೆಲಸವೇನು?

ಬೆಂಗಳೂರು ಸೇರಿದಂತೆ ಹಲವೆಡೆ ಮಾನೋಕ್ಲೋನಲ್ (ಎಲ್ಲವೂ ಒಂದೇ ಬಗೆಯ) ಪ್ರತಿಕಾಯ ಔಷಧಗಳನ್ನು ಹ್ಯಾಮ್‌ಸ್ಟರ್‌ನ ಅಂಡಾಶಯದಿಂದ ಬಂದ ಸಿಎಚ್‌ಒ ಜೀವಕೋಶಗಳಲ್ಲಿ ತಯಾರಿಸುತ್ತಾರೆ. ಜೀವಕೋಶಗಳ ಜೊತೆ ವೈರಸ್ ಸೇರಿಕೊಂಡಿರಬಹುದಾದ್ದರಿಂದ, ಶುದ್ಧೀಕರಣದ ಹಂತಗಳು ಎಷ್ಟು ವೈರಸ್ಸನ್ನು ತೆಗೆಯುತ್ತವೆ ಎಂಬುದನ್ನು ಅಂಕಿಗಳಲ್ಲಿ ತೋರಿಸದೆ ಔಷಧಕ್ಕೆ ಅನುಮತಿ ಸಿಗುವುದಿಲ್ಲ. ಅದಕ್ಕೆ ಗೊತ್ತಾದ ಪ್ರಮಾಣದ ವೈರಸ್ಸನ್ನು ಬೇಕೆಂದೇ ಬೆರೆಸಿ, ಸೋಸಿದ ಮೇಲೆ ಉಳಿದದ್ದನ್ನು ಎಣಿಸಬೇಕು. ಔಷಧ ತಯಾರಿಸುವ ಘಟಕದೊಳಗೆ ಯಾರೂ ಜೀವಂತ ವೈರಸ್ ತರುವುದಿಲ್ಲವಾದ್ದರಿಂದ, ಈ ಪರೀಕ್ಷೆಗಳನ್ನು ಹೊರಗಿನ ವಿಶೇಷ ಪ್ರಯೋಗಾಲಯಕ್ಕೆ ಕಳುಹಿಸಬೇಕಾಗುತ್ತದೆ. ಖರ್ಚೂ ಕಾಲವೂ ಹೆಚ್ಚು.

ಇಲ್ಲಿ ಎಂವಿಎಂ ಎಂಬ ಇಲಿಯ ಪಾರ್ವೊವೈರಸ್‌ನ ಖಾಲಿ ಕವಚಗಳು ನೆರವಿಗೆ ಬರುತ್ತವೆ. ಸುಮಾರು 20 ನ್ಯಾನೋಮೀಟರ್ ಗಾತ್ರದ ಈ ವೈರಸ್ ಸೋಸುವುದಕ್ಕೆ ಅತ್ಯಂತ ಕಷ್ಟದ್ದು, ಆದ್ದರಿಂದಲೇ ಅದನ್ನು ಕಠಿಣ ಮಾನದಂಡವಾಗಿ ಬಳಸುತ್ತಾರೆ. ಖಾಲಿ ಕವಚವೂ ಅದೇ ಗಾತ್ರದ್ದು, ಮೇಲ್ಮೈಯ ವಿದ್ಯುದಾವೇಶವೂ ಬಹುಮಟ್ಟಿಗೆ ಅದೇ ಆಗಿರುವುದರಿಂದ ಸೋಸುಕದಲ್ಲೂ ಕ್ರೊಮ್ಯಾಟೊಗ್ರಫಿಯ ಕಂಬದಲ್ಲೂ ಹೆಚ್ಚುಕಡಿಮೆ ಮೂಲ ವೈರಸ್‌ನಂತೆಯೇ ವರ್ತಿಸುತ್ತದೆ. ಸಿಎಚ್‌ಒ ಜೀವಕೋಶಗಳೇ ಹೊರಚೆಲ್ಲುವ ಸೋಂಕುರಹಿತ ರೆಟ್ರೊವೈರಸ್‌ಸದೃಶ ಕಣಗಳನ್ನೂ ಇದೇ ಉದ್ದೇಶಕ್ಕೆ ಬಳಸಬಹುದು. ವಿಧಾನವನ್ನು ರೂಪಿಸುವ ಹಂತದಲ್ಲಿ ಹತ್ತಾರು ಪ್ರಯೋಗಗಳನ್ನು ಇವುಗಳಿಂದ ಮುಗಿಸಿ, ಅಂತಿಮ ದಾಖಲೆಗೆ ಬೇಕಾದ ಕೆಲವನ್ನು ಮಾತ್ರ ಜೀವಂತ ವೈರಸ್‌ನಿಂದ ಮಾಡಿಸುವುದು ಸೂಕ್ತ.

ಆರ್‌ಟಿ-ಪಿಸಿಆರ್ ಕಿಟ್‌ಗಳಲ್ಲಿಯೂ ಇವು ಇರುತ್ತವೆಯೇ?

ಕೆಲವು ಕಿಟ್‌ಗಳಲ್ಲಿ ಇರುತ್ತವೆ. ಎಂಎಸ್2 ಎಂಬ ಬ್ಯಾಕ್ಟೀರಿಯಾಭಕ್ಷಕ ವೈರಸ್‌ನ ಕವಚದೊಳಗೆ ಬೇಕಾದ ಆರ್‌ಎನ್‌ಎ ತುಣುಕನ್ನು ತುಂಬಿ ನಿಯಂತ್ರಣ ಮಾದರಿಯಾಗಿ ಬಳಸುತ್ತಾರೆ. ಬರಿಯ ಆರ್‌ಎನ್‌ಎ ಕೈಬೆರಳಿನ ಕಿಣ್ವ ತಗುಲಿದರೂ ನಾಶವಾಗುತ್ತದೆ. ಕವಚದೊಳಗಿನದು ಉಳಿಯುತ್ತದೆ, ಜೊತೆಗೆ ಮಾದರಿಯಿಂದ ಆರ್‌ಎನ್‌ಎ ಬೇರ್ಪಡಿಸುವ ಹಂತ ಸರಿಯಾಗಿ ನಡೆಯಿತೇ ಎಂಬುದನ್ನೂ ತಿಳಿಸುತ್ತದೆ.

ಯಾವ ಕೆಲಸಕ್ಕೆ ಇವನ್ನು ಬಳಸಲೇಬಾರದು?

ವೈರಸ್ ಜೀವಕೋಶದೊಳಗೆ ಹೇಗೆ ಹೆಚ್ಚುತ್ತದೆ, ಹೆಚ್ಚುವುದನ್ನು ತಡೆಯುವ ಔಷಧ ಕೆಲಸ ಮಾಡುತ್ತದೆಯೇ, ದೇಹದಲ್ಲಿ ರೋಗ ಹೇಗೆ ಬಲಿಯುತ್ತದೆ, ಕಾಲಕ್ರಮದಲ್ಲಿ ವೈರಸ್ ಹೇಗೆ ಬದಲಾಗುತ್ತದೆ – ಇವಕ್ಕೆ ಖಾಲಿ ಕಣ ಉತ್ತರಿಸಲಾರದು. ಇದನ್ನು ಎಲ್ಲರೂ ಒಪ್ಪುತ್ತಾರೆ. ಅಷ್ಟು ಸುಲಭವಾಗಿ ಹೊಳೆಯದ ತಪ್ಪು ಸೋಂಕುನಿವಾರಣೆಯ ಪರೀಕ್ಷೆಗಳಲ್ಲಿ ನಡೆಯುತ್ತದೆ. ಅತಿನೇರಳೆ ಕಿರಣ ವೈರಸ್ಸನ್ನು ಕೊಲ್ಲುವುದು ಮುಖ್ಯವಾಗಿ ಅದರ ಜೀನೋಮನ್ನು ಕೆಡಿಸಿ; ಕವಚ ಬಹುಪಾಲು ಹಾಗೆಯೇ ಉಳಿದಿರುತ್ತದೆ. ಜೀನೋಮ್ ಇಲ್ಲದ ಕಣವನ್ನು ದೀಪದಡಿ ಇಟ್ಟು ಕವಚವನ್ನು ಅಳೆದರೆ ಆ ದೀಪ ನಿಷ್ಪ್ರಯೋಜಕ ಎಂಬ ತಪ್ಪು ತೀರ್ಮಾನ ಬರುತ್ತದೆ. ಸೋಪು, ಆಲ್ಕೊಹಾಲ್ ಪೊರೆಯನ್ನು ಕರಗಿಸುವುದನ್ನು ಅಳೆಯಲು ಪೊರೆಯಿರುವ ಕಣ ಉಪಯೋಗಿಯಾಗಬಹುದು. ಆದರೆ ಸೋಂಕುಶಕ್ತಿ ಹೋಯಿತೆಂದು ಹೇಳಲು ಸೋಂಕುಶಕ್ತಿ ಇದ್ದ ಕಣವೇ ಬೇಕು.

ಖಾಲಿ ಕಣ ನಿಜಕ್ಕೂ ಖಾಲಿಯೇ?

ಎಲ್ಲ ಸಲವೂ ಅಲ್ಲ, ಮತ್ತು ಇದನ್ನು ಕಡೆಗಣಿಸಿದವರ ಫಲಿತಾಂಶಗಳು ದಾರಿ ತಪ್ಪಿವೆ. ಹೆಪಟೈಟಿಸ್-ಬಿಯ ಒಳಕವಚದ ಪ್ರೋಟೀನ್ 183 ಅಮೈನೋ ಆಮ್ಲಗಳ ಉದ್ದದ್ದು. ಅದರ ಬಾಲದಲ್ಲಿ ಅರ್ಜಿನಿನ್ ಎಂಬ ಧನಾವೇಶದ ಅಮೈನೋ ಆಮ್ಲ ಹೇರಳವಾಗಿರುವುದರಿಂದ ಅದು ಆರ್‌ಎನ್‌ಎಯನ್ನು ಬಿಗಿಯಾಗಿ ಹಿಡಿಯುತ್ತದೆ. ಇ. ಕೋಲೈ ಎಂಬ ಬ್ಯಾಕ್ಟೀರಿಯಾದಲ್ಲಿ ತಯಾರಿಸಿದಾಗ ಕಣದೊಳಗೆ ಬ್ಯಾಕ್ಟೀರಿಯಾದ ಆರ್‌ಎನ್‌ಎ ತುಂಬಿಕೊಳ್ಳುತ್ತದೆ, ಇಲಿಗೆ ಚುಚ್ಚಿದಾಗ ಕಾಣುವ ಬಲವಾದ ರೋಗನಿರೋಧಕ ಪ್ರತಿಕ್ರಿಯೆಗೆ ಆ ಆರ್‌ಎನ್‌ಎಯೂ ಕಾರಣವಾಗಿರುತ್ತದೆ. ಬಾಲವನ್ನು 149ನೇ ಸ್ಥಾನದಲ್ಲಿ ಕತ್ತರಿಸಿದ ಪ್ರೋಟೀನ್ ಕೂಡ ಕಣವಾಗುತ್ತದೆ, ಆದರೆ ಆರ್‌ಎನ್‌ಎ ಬಹುತೇಕ ಇರುವುದಿಲ್ಲ. ಎರಡನ್ನೂ ಪಕ್ಕಪಕ್ಕದಲ್ಲಿ ಪರೀಕ್ಷಿಸಿದರೆ ಮಾತ್ರ ಪರಿಣಾಮ ಕವಚದ್ದೋ ಒಳಗಿನದ್ದೋ ಎಂದು ತಿಳಿಯುತ್ತದೆ.

ತಯಾರಿಸಿದ ಜಾಗದ ಕುರುಹುಗಳೂ ಜೊತೆಗೆ ಬರುತ್ತವೆ. ಇ. ಕೋಲೈಯಿಂದ ಬಂದದ್ದರಲ್ಲಿ ಎಂಡೋಟಾಕ್ಸಿನ್ ಎಂಬ ಬ್ಯಾಕ್ಟೀರಿಯಾ ಹೊರಪೊರೆಯ ವಿಷ, ಕೀಟಕೋಶಗಳಿಂದ ಬಂದದ್ದರಲ್ಲಿ ಜೀನನ್ನು ಕೋಶದೊಳಗೆ ಒಯ್ಯಲು ಬಳಸಿದ ಬ್ಯಾಕ್ಯುಲೊವೈರಸ್ ಎಂಬ ಕೀಟವೈರಸ್ ಉಳಿದಿರಬಹುದು. ಬ್ಯಾಕ್ಯುಲೊವೈರಸ್ ಸಸ್ತನಿ ಜೀವಕೋಶದಲ್ಲಿ ಬೆಳೆಯುವುದಿಲ್ಲವಾದರೂ ಅದರ ಇರುವಿಕೆಯೇ ರೋಗನಿರೋಧಕ ವ್ಯವಸ್ಥೆಯನ್ನು ಕೆರಳಿಸುತ್ತದೆ.

ಸುರಕ್ಷಿತವೆಂದ ಮೇಲೆ ಸಾಮಾನ್ಯ ಮೇಜಿನ ಮೇಲೆ ಕೆಲಸ ಮಾಡಬಹುದೇ?

ಕಣದ ಬಗೆಯನ್ನು ನೋಡಿ ನಿರ್ಧರಿಸಬೇಕು. ಬ್ಯಾಕ್ಟೀರಿಯಾದಲ್ಲಿ ತಯಾರಿಸಿ ಶುದ್ಧೀಕರಿಸಿದ ಬರಿ ಪ್ರೋಟೀನ್ ಕವಚ ಒಂದು ರೀತಿ. ಲೆಂಟಿವೈರಸ್ ಸೂಡೊವೈರಸ್ ಬೇರೆಯೇ ರೀತಿ. ಎರಡನೆಯದಕ್ಕೆ ಬಿಎಸ್‌ಎಲ್-2 ಕಡ್ಡಾಯ, ಬಯೋಸೇಫ್ಟಿ ಕ್ಯಾಬಿನೆಟ್ ಕಡ್ಡಾಯ, ಸೂಜಿಯನ್ನು ಸಾಧ್ಯವಾದಷ್ಟೂ ದೂರವಿಡಬೇಕು. ಅದರ ಭಾಗಗಳನ್ನು ಮೂರು ಅಥವಾ ನಾಲ್ಕು ಪ್ಲಾಸ್ಮಿಡ್‌ಗಳಲ್ಲಿ (ಉಂಗುರಾಕಾರದ ಡಿಎನ್‌ಎಗಳಲ್ಲಿ) ಹಂಚಿಡುವುದು ಬೆಳೆಯಬಲ್ಲ ವೈರಸ್ ಆಕಸ್ಮಿಕವಾಗಿ ಮರುಜೋಡಣೆಯಾಗದಿರಲಿ ಎಂದೇ. ಹಂಚಿಕೆ ಹೆಚ್ಚಿದಷ್ಟೂ ಆ ಸಾಧ್ಯತೆ ಕುಗ್ಗುತ್ತದೆ.

ಭಾರತದಲ್ಲಿ ಅನುಮತಿ ಬೇಕೆ?

ಬೇಕು. ಇವು ಮರುಸಂಯೋಜಿತ ಡಿಎನ್‌ಎಯಿಂದ ತಯಾರಾಗುವುದರಿಂದ ಪರಿಸರ ಸಂರಕ್ಷಣಾ ಕಾಯ್ದೆಯಡಿಯ 1989ರ ನಿಯಮಗಳು ಮತ್ತು ಜೈವಿಕ ತಂತ್ರಜ್ಞಾನ ಇಲಾಖೆಯ 2017ರ ಮಾರ್ಗಸೂಚಿಗಳ ವ್ಯಾಪ್ತಿಗೆ ಬರುತ್ತವೆ. ಕೆಲಸ ಆರಂಭಿಸುವ ಮೊದಲು ನಿಮ್ಮ ಸಂಸ್ಥೆಯ ಜೈವಿಕ ಸುರಕ್ಷತಾ ಸಮಿತಿ, ಅಂದರೆ ಐಬಿಎಸ್‌ಸಿಯ ಮುಂದೆ ಪ್ರಸ್ತಾವ ಇಡಬೇಕು.

ಕಣಗಳು ಸರಿಯಾಗಿ ಕಟ್ಟಿಕೊಂಡಿವೆ ಎಂದು ತಿಳಿಯುವುದು ಹೇಗೆ?

ಜೆಲ್‌ನಲ್ಲಿ ಸರಿಯಾದ ಗಾತ್ರದ ಪಟ್ಟಿ ಕಂಡರೆ ಪ್ರೋಟೀನ್ ಇದೆ ಎಂದಷ್ಟೇ ಅರ್ಥ, ಕಣ ಇದೆ ಎಂದಲ್ಲ. ಸುಕ್ರೋಸ್ ದ್ರಾವಣದ ಪದರಗಳ ಮೇಲೆ ಅತಿವೇಗದ ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿದಾಗ ಬಿಡಿ ಪ್ರೋಟೀನ್ ಮೇಲೆಯೇ ಉಳಿಯುತ್ತದೆ, ಕಟ್ಟಿಕೊಂಡ ಕಣ ಕೆಳಗಿಳಿಯುತ್ತದೆ. ಆ ಭಾಗವನ್ನು ಯುರೇನಿಲ್ ಅಸಿಟೇಟ್‌ನಿಂದ ಬಣ್ಣಗಟ್ಟಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಕಪ್ಪು ಹಿನ್ನೆಲೆಯಲ್ಲಿ ಬಿಳಿಯ ದುಂಡು ಕಣಗಳು ಕಾಣಬೇಕು; ಒಳಗೆ ಬಣ್ಣ ನುಗ್ಗಿ ನಡುವೆ ಕಪ್ಪು ಚುಕ್ಕೆಯಿದ್ದರೆ ಒಳಗೆ ಟೊಳ್ಳು ಎಂದು ತಿಳಿಯಬಹುದು. ಇಡೀ ಕವಚವನ್ನು ಮಾತ್ರ ಗುರುತಿಸುವ ಪ್ರತಿಕಾಯ ಲಭ್ಯವಿದ್ದರೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಇನ್ನೊಂದಿಲ್ಲ. ಫ್ರೀಜರ್‌ನಿಂದ ತೆಗೆದು ಮತ್ತೆ ಇಡುವುದನ್ನು ಆದಷ್ಟು ತಪ್ಪಿಸಿ. ಹಲವು ಕಣಗಳು ಹಾಗೆ ಮಾಡಿದಾಗ ಗುಂಪುಗೂಡುತ್ತವೆ ಅಥವಾ ಒಡೆಯುತ್ತವೆ.

ಎಂಎಸ್ಸಿ ಮಟ್ಟದ ಪ್ರಯೋಗಾಲಯದಲ್ಲಿ ಎಲ್ಲಿಂದ ಆರಂಭಿಸಬಹುದು?

ಎಂಎಸ್2 ಕವಚ ಅಥವಾ ಬಾಲ ಕತ್ತರಿಸಿದ ಹೆಪಟೈಟಿಸ್-ಬಿ ಒಳಕವಚ ಒಳ್ಳೆಯ ಆಯ್ಕೆ. ಎರಡೂ ಇ. ಕೋಲೈಯಲ್ಲಿ ಹೇರಳವಾಗಿ ತಯಾರಾಗುತ್ತವೆ, ಸುಲಭವಾಗಿ ಕಟ್ಟಿಕೊಳ್ಳುತ್ತವೆ, ಜೀವಕೋಶ ಸಾಕಣೆಯ ಸೌಲಭ್ಯ ಬೇಕಾಗುವುದಿಲ್ಲ. ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಕಾಲೇಜಿನಲ್ಲಿ ಇರದಿದ್ದರೆ ಹತ್ತಿರದ ವಿಶ್ವವಿದ್ಯಾಲಯದ ಸಾಮಾನ್ಯ ಉಪಕರಣ ಕೇಂದ್ರದಲ್ಲಿ ಶುಲ್ಕ ಕಟ್ಟಿ ಚಿತ್ರ ತೆಗೆಸಬಹುದು. ಪ್ರಬಂಧ ಬರೆಯುವಾಗ ಕಣ ಯಾವ ಜೀವಕೋಶದಲ್ಲಿ ತಯಾರಾಯಿತು, ಒಳಗೆ ಏನಿತ್ತು, ಎಂಡೋಟಾಕ್ಸಿನ್ ಎಷ್ಟಿತ್ತು, ಎಷ್ಟು ಪಾಲು ಕಟ್ಟಿಕೊಂಡಿತ್ತು ಎಂಬುದನ್ನು ವಿಧಾನದ ಭಾಗದಲ್ಲಿಯೇ ಬರೆಯಿರಿ, ಮತ್ತು ಕಣದಿಂದ ಪಡೆದ ಫಲಿತಾಂಶವನ್ನು ವೈರಸ್‌ನ ಫಲಿತಾಂಶ ಎಂದು ಶೀರ್ಷಿಕೆಯಲ್ಲಿ ಕರೆಯಬೇಡಿ.